ಸಹಾಯ ಬೇಕು: ಟ್ರಾನ್ಸ್ ಹುಡುಗನ ಪ್ರೇಮಕಥೆ, ಸ್ಕ್ರಿಪ್ಟ್ ಓದಿ ಹೇಳುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಕಿರುಚಿತ್ರ ಮಾಡಲು ಹೊರಟಿದ್ದೇವೆ. ಹುಟ್ಟಿದಾಗ ಹೆಣ್ಣು ಎಂದು ಬರೆಸಿದ, ಆದರೆ ತಾನು ಗಂಡು ಎಂದು ಗೊತ್ತಿರುವ ಹುಡುಗನ ಪ್ರೇಮಕಥೆ. ನಮ್ಮೂರಿನ ‘ಅಪ್ಪನ ಕೆರೆ’ ದಂಡೆ, ಸೂಪರ್ ಮಾರ್ಕೆಟ್ ಗದ್ದಲ, ಎಲ್ಲಾ ಇಲ್ಲೇ.

ನನ್ನ ತಲೆಬಿಸಿ ಮಾತಿನದು. ‘ನಾ ಬಂದೆ’ ಅಂದರೆ ಗಂಡೋ ಹೆಣ್ಣೋ ಗೊತ್ತಾಗಲ್ಲ, ಅಲ್ವಾ? ಹುಡುಗ ಅದರಲ್ಲೇ ಬಚ್ಚಿಟ್ಟುಕೊಂಡಿರುತ್ತಾನೆ. ಅವ್ವ ‘ಆಕಿ ಬಂದ್ಳು’ ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. ಒಂದು ದಿನ ಅವನು ಪ್ರೀತಿಸುವ ಹುಡುಗಿ ಫೋನಿನಲ್ಲಿ ಯಾರಿಗೋ ‘ಅಂವ ಬಂದ, ಆಮ್ಯಾಲ ಮಾತಾಡ್ತೀನಿ’ ಅನ್ನುತ್ತಾಳೆ. ಅವನ ಕೈಯಲ್ಲಿದ್ದ ಚಹಾ ತುಳುಕುತ್ತದೆ. ಇಷ್ಟೇ ಸೀನ್. ಇದು ನಿಜ ಅನ್ನಿಸುತ್ತದಾ, ಸುಮ್ನೆ ಸಿನಿಮಾ ಆಯ್ತಾ? (ಕನ್ನಡಿ ಮುಂದೆ ಅಳುವ ಸೀನ್ ಹಾಕೋಣ ಅಂತ ಗೆಳೆಯ ಹಟ ಹಿಡಿದಿದ್ದ. ನಾನೇ ಬೇಡ ಅಂದೆ. ನೋಡಿ ನೋಡಿ ಸಾಕಾಗಿದೆ.)

ಇನ್ನೊಂದು ವಿಷಯ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯಂತೆ ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕಲ್ಲ, ಆ ದೃಶ್ಯವೂ ಇದೆ. ಹಾಕಿದವರು ಇದ್ದರೆ ಕೌಂಟರ್‌ನಲ್ಲಿ ಏನೇನು ಕೇಳಿದರು, ಹೇಗೆ ಕರೆದರು, ತಿಳಿಸಿ.

22 ಪುಟ ಇದೆ. ಟ್ರಾನ್ಸ್ ಪುರುಷರೇ ಓದಿದರೆ ಒಳ್ಳೆಯದು. ಇಲ್ಲಿ ಕಾಮೆಂಟ್ ಬೇಡ, ನನಗೆ ಮೆಸೇಜ್ ಮಾಡಿ, ಹೆಸರು ಎಲ್ಲೂ ಬರಲ್ಲ. ಓದಿದ್ದಕ್ಕೆ ದುಡ್ಡು ಕೊಡುತ್ತೇವೆ, ಜಾಸ್ತಿ ಏನಿಲ್ಲ.