ಒಂದು ಫೇಸ್ ಹೋದರೂ ನಿಲ್ಲದ ಮೋಟಾರ್: ಐದು ಫೇಸೋ, ಎರಡು ಮೂರು-ಫೇಸ್ ಜೋಡಿಯೋ? ಅನುಭವ ತಿಳಿಸಿ

ಹಾಸನದ ಗಾಡಿ: ಮೂರು ಚಕ್ರದ ಸರಕು ಗಾಡಿಗೆ 6 ಕಿಲೋವ್ಯಾಟ್‌ನ ಕಾಯಂ ಆಯಸ್ಕಾಂತದ ಮೋಟಾರ್ ಮಾಡಿಸುತ್ತಿದ್ದೇನೆ. ಶಿರಾಡಿ ಘಾಟಿಯ ನಡುವೆ ಒಂದು ಫೇಸ್ (ಮೋಟಾರಿನ ಸುರುಳಿ ಗುಂಪುಗಳಲ್ಲಿ ಒಂದು) ಕೈಕೊಟ್ಟರೂ ಗಾಡಿ ನಿಲ್ಲಬಾರದು. ಮಾಡಿ ನೋಡಿದವರು ಹೇಳಿ.

ಐದು ತಂತಿ: ಐದು ಫೇಸೇ, ಎರಡನೆಯ ಮಾತಿಲ್ಲ. ಹದಿನಾಲ್ಕು ತಿಂಗಳು ಇದಕ್ಕೇ ಕೂತಿದ್ದೇನೆ. ಹೋದ ಫೇಸಿನ ಅಕ್ಕಪಕ್ಕದ ಎರಡರ ಕೋನವನ್ನು 36 ಡಿಗ್ರಿ ಅದರತ್ತ ಸರಿಸಿ, ನಾಲ್ಕರ ಕರೆಂಟನ್ನೂ 1.38 ಪಟ್ಟು ಏರಿಸಿದರೆ ತಿರುಗುವ ಕಾಂತಕ್ಷೇತ್ರ ಮೊದಲಿನಂತೆಯೇ ಉಳಿಯುತ್ತದೆ. ಆದರೆ ಒಂದೊಂದು ಸುರುಳಿಯ ಬಿಸಿ 1.91 ಪಟ್ಟು! ಪೂರ್ಣ ಭಾರ ಹಾಕಿದ ಹನ್ನೊಂದನೆಯ ನಿಮಿಷಕ್ಕೆ ವಾರ್ನಿಷ್ ಸುಟ್ಟ ವಾಸನೆ ಬಂತು. ಮರುಸುತ್ತಲು 9,500 ರೂಪಾಯಿ. ಕರೆಂಟಿನ ಸ್ವಿಚ್‌ಗಳನ್ನು ನಡೆಸುವ ಗೇಟ್ ಡ್ರೈವರ್ ಕಾರ್ಡ್ ಮೂರು ಸಲ ಸುಟ್ಟಿತು, ಸಲಕ್ಕೆ 4,200. ಈಗ ಟಾರ್ಕನ್ನು (ತಿರುಗಿಸುವ ಬಲವನ್ನು) ಶೇ 72ಕ್ಕೆ ಕಟ್ಟಿಹಾಕಿದ್ದೇನೆ. ಇನ್ನೊಂದು ಪೀಡೆ: ಭಾರ ಕಡಿಮೆ ಇದ್ದಾಗ ಕರೆಂಟ್ ಸೊನ್ನೆಯ ಹತ್ತಿರ ಇರುತ್ತದೆ, ನನ್ನ ಪ್ರೋಗ್ರಾಂ ಅದನ್ನೇ ಫೇಸ್ ಹೋಯಿತೆಂದು ತಿಳಿಯುತ್ತಿತ್ತು. ಪ್ರತಿ ಫೇಸಿನ ಕರೆಂಟನ್ನು ಒಟ್ಟು ಕರೆಂಟಿನ ಪ್ರಮಾಣದಿಂದ ಭಾಗಿಸಿ, ಒಂದು ಪೂರ್ತಿ ಆವರ್ತ ಕಾದು ತೀರ್ಮಾನಿಸುವಂತೆ ಮಾಡಿದ ಮೇಲೆ ನಿದ್ದೆ ಬಂತು.

ಜೋಡಿ ಕಂಟ್ರೋಲರ್: ಐದು ಫೇಸಿನ ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಫೇಸುಗಳಿಗೆ ಕೊಡುವ ಸ್ವಿಚ್ ಪೆಟ್ಟಿಗೆ) ಬೆಂಗಳೂರಿನ ಎಸ್‌ಪಿ ರಸ್ತೆಯ ಯಾವ ಅಂಗಡಿಯಲ್ಲಿ ಸಿಗುತ್ತದೆ ಸ್ವಾಮಿ? ನಾನು 30 ಡಿಗ್ರಿ ಅಂತರದಲ್ಲಿ ಎರಡು ಸೆಟ್ ಸುತ್ತಿಸಿ, ಸಿದ್ಧ ಕಂಟ್ರೋಲರ್ ಎರಡು ತಂದೆ, ತಲಾ 14,500. ಒಂದು ಫೇಸ್ ಕೆಟ್ಟರೆ ಆ ಸೆಟ್ಟನ್ನೇ ಬಂದ್ ಮಾಡಿ ಅರ್ಧ ಟಾರ್ಕ್‌ನಲ್ಲಿ ಮನೆ ಸೇರುತ್ತೇನೆ. ಎಡವಿದ್ದು ಒಂದೇ ಕಡೆ: ಎರಡು ನ್ಯೂಟ್ರಲ್‌ಗಳನ್ನು (ಒಂದು ಸೆಟ್ಟಿನ ಮೂರೂ ಫೇಸ್ ಸೇರುವ ತುದಿಗಳನ್ನು) ಕೂಡಿಸಿದ್ದೆ. ಮೂರನೆಯ ಹಾರ್ಮೋನಿಕ್ (ಮೂಲದ ಮೂರು ಪಟ್ಟು ಆವರ್ತನದ ಕರೆಂಟ್) ಸೆಟ್‌ಗಳ ನಡುವೆ ಸುತ್ತತೊಡಗಿ, ಭಾರವಿಲ್ಲದೆಯೂ ಮೋಟಾರ್ ಬಿಸಿಯಾಗುತ್ತಿತ್ತು. ಮೂರು ವಾರ ಬೇರಿಂಗ್ ಬದಲಿಸುತ್ತ 2,800 ರೂಪಾಯಿ ಕಳೆದೆ. ನ್ಯೂಟ್ರಲ್ ಬೇರ್ಪಡಿಸಿದ ದಿನವೇ ತಣ್ಣಗಾಯಿತು.

ಐದು ತಂತಿ: ಅರ್ಧ ಟಾರ್ಕ್‌ನಲ್ಲಿ ತುಂಬಿದ ಗಾಡಿ ಘಾಟಿ ಏರುವುದಿಲ್ಲ.

ಜೋಡಿ ಕಂಟ್ರೋಲರ್: ನಿಮ್ಮದು ಪರೀಕ್ಷೆಯ ಮೇಜು ಬಿಟ್ಟು ಕದಲಿಲ್ಲ. ನನ್ನದು 6,000 ಕಿಲೋಮೀಟರ್ ಓಡಿದೆ. ಏರುವ ಮಾತು ಆಮೇಲೆ ಆಡೋಣ.

ಹಳೆಯ ಲ್ಯಾಬು: ಇಬ್ಬರೂ ತಂತಿ ಕಡಿದುಹೋಗುವುದನ್ನೇ ಹೇಳುತ್ತಿದ್ದೀರಿ. ಶಾರ್ಟ್ ಆದರೆ? ಇನ್ವರ್ಟರ್ ಆರಿಸಬಹುದು, ಆಯಸ್ಕಾಂತವನ್ನು ಆರಿಸಲಾಗುವುದಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಅದು ಕರೆಂಟ್ ತಳ್ಳುತ್ತಲೇ ಇರುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಮೆಕ್ರೋ ಮತ್ತು ಸಂಗಡಿಗರು 1996ರಲ್ಲೇ ದಾರಿ ತೋರಿದ್ದಾರೆ: ಸ್ಟೇಟರಿನ (ಮೋಟಾರಿನ ತಿರುಗದ ಭಾಗದ) ಹಲ್ಲು ಬಿಟ್ಟು ಹಲ್ಲಿಗೆ ಸುರುಳಿ, ಒಂದು ಸ್ಲಾಟಿಗೆ (ಹಲ್ಲುಗಳ ನಡುವಿನ ಸಂದಿಗೆ) ಒಂದೇ ಫೇಸ್, ಶಾರ್ಟ್ ಆದರೂ ಕರೆಂಟ್ ನಿಗದಿತ ಮಟ್ಟ ದಾಟದಷ್ಟು ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಸುರುಳಿಯ ಗುಣ), ಫೇಸಿಗೊಂದು ಪ್ರತ್ಯೇಕ ಸೇತುವೆ (ನಾಲ್ಕು ಸ್ವಿಚ್‌ಗಳ ಸರ್ಕಿಟ್). ಐದು ಫೇಸಿಗೆ 20 ಸ್ವಿಚ್; ದುಬಾರಿ, ಒಪ್ಪುತ್ತೇನೆ. ನನ್ನ ಮೋಟಾರಿನಲ್ಲಿ ಎರಡೇ ಸುತ್ತು ಒಂದಕ್ಕೊಂದು ಅಂಟಿಕೊಂಡವು. ಆ ಫೇಸನ್ನು ಪೂರ್ತಿ ಶಾರ್ಟ್ ಮಾಡಿದ್ದರೆ ಕರೆಂಟ್ ಎಲ್ಲ ಸುತ್ತುಗಳಿಗೂ ಹಂಚಿಹೋಗುತ್ತಿತ್ತು. ನಾನು ಸ್ವಿಚ್ ಆರಿಸಿ ನಿಂತೆ. ಬಿಚ್ಚಿದಾಗ ಸ್ಲಾಟಿನ ಬಾಯಲ್ಲಿ ಹೆಬ್ಬೆರಳಗಲದ ಕಪ್ಪು ಕಲೆ, ಕರೆಂಟ್ ತಡೆಯುವ ನಿರೋಧಕ ಕಾಗದ ಬೂದಿ. ಆಯಸ್ಕಾಂತವೂ ಸೊರಗಿ, ತಿರುಗಿಸಿದಾಗ 48 ವೋಲ್ಟ್ ಕೊಡುತ್ತಿದ್ದ ಮೋಟಾರ್ 41ಕ್ಕಿಳಿಯಿತು. ಹೊಸ ರೋಟರಿಗೆ (ಆಯಸ್ಕಾಂತವಿರುವ ತಿರುಗುವ ಭಾಗಕ್ಕೆ) 22,000. ಪೀಣ್ಯದಲ್ಲಿ ಸುತ್ತಿದವರು ಕಾಗದದಲ್ಲಿ ಜಿಪುಣತನ ಮಾಡಿದ್ದರು.

ಸುತ್ತುವ ಕೈ: ಆ ಕೈ ನನ್ನದೇ ಸರ್. ಸ್ಲಾಟಿಗೆ ಎರಡು ಫೇಸ್ ಇಡಿ, ತಾಮ್ರ ಒತ್ತಿ ತುಂಬಿ ಎಂದವರು ನೀವು. ನಡುವೆ ಕಾಗದ ಹಿಡಿಯುವುದಿಲ್ಲ ಎಂದು ಮೂರು ಸಲ ಹೇಳಿದೆ. ಇಪ್ಪತ್ತಾರು ವರ್ಷದ ಕೆಲಸಕ್ಕೆ ಕಪ್ಪು ಬಳಿಯಬೇಡಿ. ಆ ಸ್ಟೇಟರ್ ಇನ್ನೂ ನನ್ನ ಕಪಾಟಿನಲ್ಲಿದೆ.

ಹಳೆಯ ಲ್ಯಾಬು: ಒತ್ತಿ ತುಂಬಿ ಎಂದದ್ದು ನಿಜ. ಕಾಗದ ಬಿಡಿ ಎಂದು ಹೇಳಿಲ್ಲ.

ಹಾಸನದ ಗಾಡಿ: ಘಾಟಿಯ ಏರಿಗೆ ಶೇ 72 ಸಾಕಾಗುವುದೇ?

ಸುತ್ತುವ ಕೈ: ಶನಿವಾರ ಅಂಗಡಿ ತೆರೆದಿರುತ್ತದೆ. ಮೈಕ್ರೋಮೀಟರ್ ತನ್ನಿ, ಕಾಗದದ ದಪ್ಪ ನೀವೇ ಅಳೆಯಿರಿ.