ಮೀಸೋಥೀಲಿಯೋಮಾಕ್ಕೆ ಜೀನ್ ಥೆರಪಿ ಮಾಡಿಸಬಹುದಾ?

ಪ್ರಶ್ನೆ (ಶಿಡ್ಲಘಟ್ಟ): ನಮಸ್ಕಾರ ಡಾಕ್ಟ್ರೇ. ನಮ್ಮ ತಂದೆಗೆ 66 ವರ್ಷ. ರೇಷ್ಮೆ ಹುಳು ಮನೆಗಳಿಗೆ ಕಲ್ನಾರು (ಆಸ್ಬೆಸ್ಟಾಸ್) ಶೀಟ್ ಕತ್ತರಿಸಿ ಹೊದಿಸುವ ಕೆಲಸ ಮಾಡಿಕೊಂಡಿದ್ದವರು. ಉಸಿರು ಕಟ್ಟುತ್ತಿತ್ತು, ಎದೆಯಲ್ಲಿ ನೀರು ತುಂಬಿತ್ತು. ಬಯಾಪ್ಸಿಯಲ್ಲಿ ಮೀಸೋಥೀಲಿಯೋಮಾ, ಅಂದರೆ ಶ್ವಾಸಕೋಶದ ಸುತ್ತಲಿನ ಪೊರೆಯ ಕ್ಯಾನ್ಸರ್, ಅಂತ ಬಂದಿದೆ. ನಮ್ಮ ಭಾವ ಒಂದು ವಿಡಿಯೋ ಕಳಿಸಿದ್ದಾರೆ. ಜೀನ್ ಥೆರಪಿಯಲ್ಲಿ (ಕೋಶಗಳೊಳಗೆ ಜೀನ್ ಸೇರಿಸಿ ಮಾಡುವ ಚಿಕಿತ್ಸೆ) ಪೂರ್ತಿ ವಾಸಿಯಾಗುತ್ತಂತೆ, ಮೊದಲೇ ಎರಡು ಲಕ್ಷ ಕಟ್ಟಬೇಕಂತೆ. ಜಮೀನು ಅಡ ಇಡೋಣ ಅಂತಿದ್ದೇವೆ. ಕಟ್ಟಬಹುದಾ?

ಉತ್ತರ (ಕ್ಯಾನ್ಸರ್ ವೈದ್ಯರು): ಕಟ್ಟಬೇಡಿ. ಈ ಕಾಯಿಲೆಗೆ ಒಪ್ಪಿಗೆ ಸಿಕ್ಕ ಜೀನ್ ಥೆರಪಿ ಭಾರತದಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ.

ಹಾಗಂತ ಅದು ಬರೀ ಬುರುಡೆಯಲ್ಲ. 1990ರ ದಶಕದಲ್ಲೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿದ್ದರು. ನೆಗಡಿ ತರುವ ಅಡೆನೋವೈರಸ್ಸನ್ನು ಹೆಚ್ಚಿಕೊಳ್ಳದಂತೆ ಮಾಡಿ, ಅದರೊಳಗೆ ಹರ್ಪಿಸ್ ವೈರಸ್ಸಿನ ಒಂದು ಜೀನ್ ಇಟ್ಟು, ಶ್ವಾಸಕೋಶದ ಸುತ್ತಲಿನ ಪೊರೆಯೊಳಗೆ ಕೊಳವೆಯಿಂದ ಬಿಟ್ಟರು. ಆ ಜೀನ್ ಹೊಕ್ಕ ಕ್ಯಾನ್ಸರ್ ಕೋಶಕ್ಕೆ ಗ್ಯಾನ್ಸಿಕ್ಲೊವಿರ್ ಔಷಧ ವಿಷವಾಗುತ್ತದೆ. ನಿಮ್ಮ ತಂದೆಗೆ ಎದೆಯ ನೀರು ತೆಗೆದರಲ್ಲ, ಅದೇ ದಾರಿಯಲ್ಲಿ ವೈರಸ್ ಒಳಗೆ ಬಿಡಬಹುದು. ಈ ಕ್ಯಾನ್ಸರನ್ನು ಆರಿಸಿಕೊಂಡದ್ದೂ ಅದಕ್ಕೇ. ತೊಡಕು ಎಲ್ಲಿ ಅಂದರೆ, ವೈರಸ್ ಗೆಡ್ಡೆಯ ಮೇಲ್ಪದರ ದಾಟಿ ಹೆಚ್ಚು ಒಳಗೆ ಇಳಿಯಲಿಲ್ಲ. ಇನ್ನೊಂದು ಸಲ ಕೊಡೋಣ ಅಂದರೆ ಅಷ್ಟರಲ್ಲಿ ಮೈ ಅದನ್ನು ಗುರುತು ಹಿಡಿದು ಹೊಡೆದುಹಾಕುತ್ತದೆ.

ಆಮೇಲೆ ಇಂಟರ್‌ಫೆರಾನ್ (ರೋಗದ ವಿರುದ್ಧ ಮೈಯೇ ತಯಾರಿಸುವ ಪ್ರೋಟೀನ್) ಜೀನ್ ಕೊಟ್ಟು, ಮೈಯ ರೋಗನಿರೋಧಕ ಶಕ್ತಿಯನ್ನೇ ಗೆಡ್ಡೆಯ ಮೇಲೆ ಎಬ್ಬಿಸುವ ಪ್ರಯತ್ನ ನಡೆಯಿತು. ಕೆಲವರಿಗೆ ಗೆಡ್ಡೆ ಕುಗ್ಗಿದ್ದೂ ಉಂಟು. ಅಂಥದೇ ಒಂದು ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಮೂತ್ರಕೋಶದ ಕ್ಯಾನ್ಸರ್‌ಗೆ. ವಿಡಿಯೋ ಮಾಡುವವರು ಈ 'ಆದರೆ'ಯನ್ನು ನುಂಗಿಬಿಡುತ್ತಾರೆ.

ಈಗ ಸಿಗುವುದು ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಕೀಮೋ, ಇಲ್ಲವೇ ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಸೇರಿಸಿ ಕೊಡುವ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧ. ಎರಡನ್ನೂ ಹೋಲಿಸಿದ ದೊಡ್ಡ ಟ್ರಯಲ್‌ನಲ್ಲಿ ಇಮ್ಯುನೋಥೆರಪಿ ಪಡೆದವರಲ್ಲಿ ಅರ್ಧದಷ್ಟು ಜನ 18 ತಿಂಗಳು ದಾಟಿದ್ದರು, ಕೀಮೋದಲ್ಲಿ 14 ತಿಂಗಳು. ಇಮ್ಯುನೋ ತುಂಬಾ ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಈ ಕ್ಯಾನ್ಸರ್‌ನಲ್ಲಿ ಬಗೆಗಳಿವೆ, ರಿಪೋರ್ಟ್‌ನಲ್ಲಿ ಎಪಿಥೀಲಿಯಾಯ್ಡ್ ಅಂತಿದೆಯಾ, ಸಾರ್ಕೊಮಟಾಯ್ಡ್ ಅಂತಿದೆಯಾ ನೋಡಿ. ಎರಡನೆಯದಾದರೆ ಕೀಮೋ ಅಷ್ಟಾಗಿ ಹಿಡಿಯುವುದಿಲ್ಲ, ಇಮ್ಯುನೋದಿಂದಲೇ ಜಾಸ್ತಿ ಲಾಭ. ಬಯಾಪ್ಸಿಯ ಸ್ಲೈಡು, ಬ್ಲಾಕು (ಮೇಣದಲ್ಲಿಟ್ಟ ತುಣುಕು) ಎಲ್ಲ ತಗೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ತೋರಿಸಿ.

ಪ್ರಶ್ನೆ (ಶಿಡ್ಲಘಟ್ಟ): ಟ್ರಯಲ್‌ಗಾದರೂ ಸೇರಿಸಬಹುದಾ ಸರ್?

ಉತ್ತರ: ಕೇಳಿ ನೋಡಿ, ತಪ್ಪಿಲ್ಲ. ನಿಜವಾದ ಟ್ರಯಲ್ ಆದರೆ ಸಿಟಿಆರ್‌ಐ (ಭಾರತದ ಔಷಧ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಪ್ರಯೋಗದ ಔಷಧಕ್ಕೆ ಮುಂಗಡ ಕೇಳಿದರೆ ಫೋನ್ ಇಟ್ಟುಬಿಡಿ.

ಇನ್ನೊಬ್ಬರು (ಗೌರಿಬಿದನೂರು): ನಮ್ಮ ಮನೆಗೂ ಕಲ್ನಾರು ಶೀಟೇ ಸರ್. ಭಯ ಆಗ್ತಿದೆ.

ಉತ್ತರ: ಒಡೆಯದೆ ಸುಮ್ನೆ ಇರುವ ಶೀಟಿನಿಂದ ಅಷ್ಟು ಅಪಾಯವಿಲ್ಲ. ಕತ್ತರಿಸುವಾಗ, ತೂತು ಕೊರೆಯುವಾಗ, ಒಡೆಯುವಾಗ ಏಳುತ್ತದಲ್ಲ, ಆ ಧೂಳೇ ಕೆಟ್ಟದ್ದು. ಕಾಯಿಲೆ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯುತ್ತದೆ, ಹಾಗಾಗಿ ಯಾರೂ ಕಾಯಿಲೆಗೂ ಆ ಹಳೆಯ ಧೂಳಿಗೂ ತಾಳೆ ಹಾಕುವುದಿಲ್ಲ. ಶೀಟ್ ಬದಲಾಯಿಸುವುದಾದರೆ ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಿ. ಬಿದ್ದ ಪುಡಿಯನ್ನು ಒಣಗಿದ ಹಾಗೆ ಗುಡಿಸಬೇಡಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ. ಅದನ್ನು ಒಗೆಯುವ ಹೆಂಗಸರಿಗೂ ಈ ಕಾಯಿಲೆ ಬಂದದ್ದಿದೆ.