ಗೌಡಾ ಚೀಸ್ ಐದು ವಾರಕ್ಕೆ ಉಬ್ಬುತ್ತಿದೆ: ತಪ್ಪು ಹಾಲಿನದಾ, ಮೇವಿನದಾ?

ಮುಳಬಾಗಿಲು ಡೇರಿ:
ಮನೆ ಹಸುಗಳದೇ ಹಾಲು, ಎಲ್ಲಾ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಒಂದು ಸಲಕ್ಕೆ 60 ಲೀಟರ್. 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, 32ಕ್ಕೆ ಇಳಿಸಿ ಕಲ್ಚರ್ (ಹಾಲು ಹುಳಿಸುವ ಬ್ಯಾಕ್ಟೀರಿಯಾ), 12 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಆಮೇಲೆ ಮೈಕ್ರೋಬಿಯಲ್ ರೆನೆಟ್ (ಸೂಕ್ಷ್ಮಾಣುವಿನಿಂದ ತೆಗೆದ, ಹಾಲು ಗಡ್ಡೆ ಕಟ್ಟಿಸುವ ಕಿಣ್ವ). ಗಡ್ಡೆ ಚೆನ್ನಾಗೇ ಕಟ್ಟುತ್ತೆ. 3 ಕೆ.ಜಿ. ಬಿಲ್ಲೆಗಳು, ಶೇ. 20ರ ಉಪ್ಪುನೀರಲ್ಲಿ 24 ಗಂಟೆ, ಮಾಗಿಸುವ ಕೋಣೆ 15 ಡಿಗ್ರಿ. ಒಂದು ತಿಂಗಳು ಏನೂ ತೊಂದರೆ ಇಲ್ಲ. ಐದನೇ ವಾರದಿಂದ ಉಬ್ಬೋಕೆ ಶುರು. ಕೊಯ್ದರೆ ಒಳಗೆ ಸೀಳು, ದೊಡ್ಡ ತೂತು, ಕಮಟು ಬೆಣ್ಣೆ ವಾಸನೆ. ಬೇಸಿಗೆ ಹಾಲಲ್ಲೇ ಜಾಸ್ತಿ. ಮೇವು ಸೀಮೆಹುಲ್ಲು, ರಾಗಿ ಹುಲ್ಲು. ಫೆಬ್ರವರಿಯಿಂದ ಮಳೆ ಬರೋವರೆಗೆ ಮೆಕ್ಕೆಜೋಳದ ರಸಮೇವು (ಸೈಲೇಜ್, ಗಾಳಿಯಾಡದಂತೆ ತುಂಬಿ ಹುಳಿಸಿದ ಹಸಿಮೇವು). ಕಾಯಿಸಿದ ಹಾಲಲ್ಲೂ ಹೀಗಾಗುತ್ತಾ?

ಹೆಪ್ಪು:
ಆಗುತ್ತೆ ಸಾರ್. ಯಾವಾಗ ಉಬ್ಬಿತು ಅನ್ನೋದೇ ಅರ್ಧ ಉತ್ತರ. ಒಂದೆರಡು ದಿನದಲ್ಲೇ ಉಬ್ಬಿ ಸ್ಪಂಜಿನಂತೆ ಸಣ್ಣ ತೂತು ಬಿದ್ದರೆ ಅದು ಕೋಲಿಫಾರ್ಮ್ ಬ್ಯಾಕ್ಟೀರಿಯಾ: ಕಾಯಿಸಿದ ಮೇಲೆ ಕೈ, ಬಟ್ಟೆ, ನೀರಿಂದ ಸೇರಿದ್ದು. ತಿಂಗಳು ದಾಟಿದ ಮೇಲೆ, ಅದೂ ಕಮಟು ವಾಸನೆ ಜೊತೆ ಅಂದರೆ ಕ್ಲಾಸ್ಟ್ರಿಡಿಯಂ ಟೈರೋಬ್ಯುಟಿರಿಕಂ ಅನ್ನೋ ಬ್ಯಾಕ್ಟೀರಿಯಾ. ಇದರ ಸ್ಪೋರ್ (ಬಿಸಿ ತಡೆಯುವ ಬೀಜದಂಥ ರೂಪ) 63 ಡಿಗ್ರಿಗೂ ಸಾಯಲ್ಲ, 72ಕ್ಕೂ ಸಾಯಲ್ಲ. ಚೀಸ್ ಒಳಗೆ ಗಾಳಿಯಿಲ್ಲದ ಕಡೆ ಕೂತು ಲ್ಯಾಕ್ಟಿಕ್ ಆಮ್ಲ ತಿಂದು ಬ್ಯುಟಿರಿಕ್ ಆಮ್ಲ, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಬಿಡುತ್ತೆ. ವಾಸನೆ, ಸೀಳು ಎರಡಕ್ಕೂ ಅದೇ ಕಾರಣ.

ಬರುವ ದಾರಿ ರಸಮೇವು. ಸರಿಯಾಗಿ ಹುಳಿಯದ ರಸಮೇವಿನಲ್ಲಿ ಬೆಳೆದು, ಹಸುವಿನ ಹೊಟ್ಟೆ ದಾಟಿ ಸಗಣಿಗೆ, ಸಗಣಿಯಿಂದ ಮೊಲೆತೊಟ್ಟಿಗೆ, ಅಲ್ಲಿಂದ ಹಾಲಿಗೆ. ಲೀಟರಿಗೆ ಕೆಲವು ನೂರು ಸ್ಪೋರ್ ಇದ್ದರೂ ಗೌಡಾ ಕೆಡಿಸೋಕೆ ಸಾಕು. ಇಟಲಿಯ ಪಾರ್ಮಿಜಾನೋ ರೆಜ್ಜಾನೋ, ಫ್ರಾನ್ಸಿನ ಕೋಂತೆ, ಎರಡರ ನಿಯಮದಲ್ಲೂ ಹಸುಗೆ ರಸಮೇವು ಹಾಕುವಂತಿಲ್ಲ. ಅದು ಶೋಕಿಗೆ ಮಾಡಿದ ನಿಯಮ ಅಲ್ಲ.

ಗಾಜಿನ ಟ್ಯೂಬ್ ಇದ್ದರೆ ಮನೇಲೇ ನೋಡಬಹುದು. ಹತ್ತು ಟ್ಯೂಬಿಗೆ ತಲಾ 10 ಮಿ.ಲೀ. ಹಾಲು, 80 ಡಿಗ್ರಿ ನೀರಲ್ಲಿ 10 ನಿಮಿಷ ಇಟ್ಟು, ಮೇಲೆ ಕರಗಿಸಿದ ಪ್ಯಾರಾಫಿನ್ ಮೇಣ ಸುರಿದು 37 ಡಿಗ್ರಿಯಲ್ಲಿ ವಾರ ಬಿಡಿ. ಮೇಣದ ಬಿರಡೆ ಮೇಲೆದ್ದರೆ ಗ್ಯಾಸ್ ಬಿಡುವ ಸ್ಪೋರ್ ಇದೆ ಅಂತ. ರಸಮೇವು ತಿಂದ ಹಾಲು, ತಿನ್ನದ ಹಾಲು ಎರಡನ್ನೂ ಜೊತೆಗಿಡಿ, ಇಲ್ಲದಿದ್ದರೆ ಹೋಲಿಸೋಕೆ ಏನೂ ಇರಲ್ಲ.

ಸದ್ಯಕ್ಕೆ: ಕೋಣೆ 10–12ಕ್ಕೆ ಇಳಿಸಿ. ಮಾರನೇ ದಿನ ಚೀಸಿನ ಪಿಎಚ್ 5.2–5.3 ಬಂದಿದೆಯಾ ನೋಡಿ, 5.5ರಲ್ಲಿ ನಿಂತರೆ ಕಲ್ಚರ್ ಸೋತಿದೆ. 3 ಕೆ.ಜಿ. ಬದಲು ಒಂದೂವರೆ ಕೆ.ಜಿ. ಬಿಲ್ಲೆ ಮಾಡಿ, ಉಪ್ಪು ನಡುವಿಗೆ ಬೇಗ ತಲುಪುತ್ತೆ.

ಕೆನೆ:
ಈ ಬ್ಯಾಕ್ಟೀರಿಯಾ ತಡೆಯುವ ಲೈಸೋಜೈಮ್ ಕಿಣ್ವ ಹಾಕಿದರೆ ಮುಗೀತಲ್ಲ?

ಹೆಪ್ಪು:
ಕೆಲಸ ಮಾಡುತ್ತೆ ಮೇಡಂ. ಆದರೆ ಅದು ಕೋಳಿಮೊಟ್ಟೆಯ ಬಿಳಿಯಿಂದ ಬರೋದು, ಲೇಬಲ್ ಮೇಲಿನ ಹಸಿರು ಚುಕ್ಕೆ ಹೋಗುತ್ತೆ. ನಮ್ಮಲ್ಲಿ ಚೀಸ್‌ಗೆ ಪ್ರಾಣಿಮೂಲದ ರೆನೆಟ್ ಕೂಡ ಹಾಕುವಂತಿಲ್ಲ, ಗಿರಾಕಿಯೂ ಹಸಿರು ಚುಕ್ಕೆ ನೋಡೇ ತಗೊಳ್ತಾರೆ. ಮೇವು ಸರಿ ಮಾಡೋದೇ ಮೇಲು.

ಮುಳಬಾಗಿಲು ಡೇರಿ:
ರಸಮೇವು ಬಿಟ್ಟರೆ ಏಪ್ರಿಲ್‌ನಲ್ಲಿ ಏನು ಹಾಕೋದಣ್ಣಾ? ಬೋರ್ ನೀರು ಮುಕ್ಕಾಲು ಎಕರೆ ಸೀಮೆಹುಲ್ಲಿಗೇ ಸಾಲಲ್ಲ. ಖುಷ್ಕಿ ಎರಡೂವರೆ ಎಕರೆ ಇದೆ.

ರಾಗಿಹುಲ್ಲು:
ಆ ಖುಷ್ಕಿಯಲ್ಲೇ ದಾರಿ ಇದೆ. ಕೋಲಾರದ ಕಡೆ ವರ್ಷಕ್ಕೆ 700–750 ಮಿ.ಮೀ. ಮಳೆ, ಹೆಚ್ಚುಪಾಲು ಆಗಸ್ಟ್–ಅಕ್ಟೋಬರ್‌ನಲ್ಲಿ. ಕೆಂಪು ಮಣ್ಣಿಗೆ ಅಂಜನ್ ಹುಲ್ಲು, ಸ್ಟೈಲೋ (ದ್ವಿದಳ ಮೇವಿನ ಗಿಡ) ಜೋಡಿ ಒಗ್ಗುತ್ತೆ. ಎಕರೆಗೆ ತಲಾ 2 ಕೆ.ಜಿ. ಬೀಜ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, 80 ಡಿಗ್ರಿ ನೀರಲ್ಲಿ ಮೂರ್ನಾಲ್ಕು ನಿಮಿಷ ಅದ್ದಿ ಆರಿಸಿ ಬಿತ್ತಬೇಕು. ಆಳಕ್ಕೆ ಹೋದರೆ ಮೊಳೆಯಲ್ಲ, ಮೇಲೆ ಚೆಲ್ಲಿ ಕೊರಡು ಎಳೆದರೆ ಸಾಕು. ಮೊದಲ ವರ್ಷ ದನ ಬಿಡಲೇಬೇಡಿ. ಬದುವಿಗೆ ಅಗಸೆ ಮರ, ಗ್ಲಿರಿಸಿಡಿಯ ಕಡ್ಡಿ.

ಎರಡನೇ ವರ್ಷದಿಂದ ತುಂಡು ತುಂಡಾಗಿ ಸೋಲಾರ್ ಬೇಲಿ ಹಾಕಿ ಮೇಯಿಸಿ. ಹುಲ್ಲು ಮೊಣಕಾಲುದ್ದ ಬಂದಾಗ ಬಿಟ್ಟು, ನಾಲ್ಕು ಬೆರಳು ಉಳಿದಾಗ ಎಬ್ಬಿಸಿ. ಮಳೆಗಾಲದಲ್ಲಿ ಆ ತುಂಡಿಗೆ ಕನಿಷ್ಠ 35–40 ದಿನ ಬಿಡುವು ಬೇಕು. ಬಿಡುವು ಕೊಡದೆ ಮೇಯಿಸಿದರೆ ಸ್ಟೈಲೋ ಮೊದಲು ಹೋಗುತ್ತೆ, ಆಮೇಲೆ ಪಾರ್ಥೇನಿಯಂ ಬರುತ್ತೆ; ಊರ ಗೋಮಾಳಗಳ ಕಥೆ ಇದೇ. ಎಚ್‌ಎಫ್ ಹಸು ಹತ್ತು ಗಂಟೆ ಮೇಲಿನ ಬಿಸಿಲು ತಡೆಯಲ್ಲ, ಬೆಳಗ್ಗೆ ಮಾತ್ರ ಬಿಡಿ.

ಬೇಸಿಗೆಗೆ ಒಣಮೇವು. ಅಲಸಂದೆಯನ್ನು ಹೂವಿನಲ್ಲೇ ಕೊಯ್ದು, ನೆರಳಲ್ಲಿ ತಿರುವಿ ಹಾಕಿ, ತೇವ ಶೇ. 15ಕ್ಕಿಂತ ಕೆಳಗೆ ಬಂದ ಮೇಲೆ ಮೆದೆ ಒಟ್ಟಿ. ಹಿಚುಕಿದರೆ ಎಲೆ ಪುಡಿಯಾಗಬೇಕು, ಕಾಂಡ ಲಟಕ್ಕನೆ ಮುರಿಯಬೇಕು. ಹಸಿ ಇದ್ದರೆ ಬೂಸ್ಟು ಹಿಡಿಯುತ್ತೆ. ಜೊತೆಗೆ ಕಡ್ಲೆಕಾಯಿ ಬಳ್ಳಿ, ಹುರುಳಿ ಹೊಟ್ಟು. ರಾಗಿ ಹುಲ್ಲೊಂದನ್ನೇ ನಂಬಿದರೆ ಹಾಲಿನ ಪ್ರೋಟೀನ್ ಇಳಿದು, 10 ಲೀಟರಿಗೆ ಒಂದು ಕೆ.ಜಿ. ಬರ್ತಿದ್ದ ಚೀಸ್ ಕಮ್ಮಿಯಾಗುತ್ತೆ. ಒಂದು ಮಾತು, ಎರಡೂವರೆ ಎಕರೆಯಲ್ಲಿ ಎಲ್ಲ ಹಸುವಿಗೂ ಪೂರ್ತಿ ಮೇವು ಬರಲ್ಲ. ಚೀಸ್‌ಗೆ ಹಾಲು ಕೊಡುವ ನಾಲ್ಕೈದು ಹಸುವಿಗೆ ರಸಮೇವು ನಿಲ್ಲಿಸಿ, ಕೊಟ್ಟಿಗೆಯೂ ಬೇರೆ ಮಾಡಿ. ಉಳಿದವಕ್ಕೆ ಹಾಕಿ, ಆ ಹಾಲು ಡೇರಿಗೆ ಹೋಗಲಿ.

ಹೆಪ್ಪು:
ಅದು ಸರಿ. ಉಳಿದವಕ್ಕೆ ಹಾಕುವ ರಸಮೇವೂ ಚೆನ್ನಾಗಿರಲಿ: ಮೆಕ್ಕೆಜೋಳ ಹಾಲುತೆನೆ ದಾಟಿದ ಮೇಲೆ ಕೊಯ್ದು ಅರ್ಧದಿಂದ ಮುಕ್ಕಾಲು ಇಂಚಿಗೆ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು ತುಂಬಿ. ತೆರೆದಾಗ ಪಿಎಚ್ 4.2ಕ್ಕಿಂತ ಮೇಲಿದ್ದರೆ, ಮಣ್ಣು ಸೇರಿದ್ದರೆ, ಅಂಚು ಕಪ್ಪಾಗಿದ್ದರೆ ತಿಪ್ಪೆಗೆ. ಕರೆಯುವಾಗ ಮೊಲೆತೊಟ್ಟನ್ನು ಹಸುವಿಗೊಂದು ಬೇರೆ ಬಟ್ಟೆಯಿಂದ ಒಣಗುವಂತೆ ಒರೆಸಿ. ಒಂದೇ ಬಕೆಟ್ ನೀರಲ್ಲಿ ಎಲ್ಲವನ್ನೂ ತೊಳೆದರೆ ಸ್ಪೋರ್ ಹಂಚಿದಂಗೆ.

ಮುಳಬಾಗಿಲು ಡೇರಿ:
ಟ್ಯೂಬ್ ಪರೀಕ್ಷೆ ಇವತ್ತೇ ಇಡ್ತೀನಿ. ಆಗಲೇ ಉಬ್ಬಿರೋ ಬಿಲ್ಲೆಗಳನ್ನ ಸಂಸ್ಕರಿಸಿದ ಚೀಸ್ ಮಾಡಬಹುದಾ?

ಹೆಪ್ಪು:
ಬೇಡ. ಕರಗಿಸುವ ಬಿಸಿಗೂ ಸ್ಪೋರ್ ಉಳಿಯುತ್ತೆ, ಪ್ಯಾಕೆಟ್ ಒಳಗೆ ಮತ್ತೆ ಉಬ್ಬುತ್ತೆ. ದನಕ್ಕೂ ಹಾಕಬೇಡಿ, ಮತ್ತೆ ಸಗಣಿಗೇ ಬರುತ್ತೆ. ಮೇವಿನ ಹೊಲದಿಂದ ದೂರ ಗುಂಡಿ ತೋಡಿ ಹೂತುಬಿಡಿ.